ರೇಡಿಯೋದ ಕಿವಿ ರಿಪೇರಿ

(ಬದಿಯಡ್ಕದ ಹತ್ತಿರ ನಮ್ಮೂರ ವಾಚನಾಲಯದಲ್ಲಿ ಅಕ್ಟೋಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತು ಇದು. ಮೇಜಿನ ಮೇಲೆ ಸೆಟ್ ಇಟ್ಟುಕೊಂಡು ಮಾತಾಡಿದ್ದರಿಂದ ಅಲ್ಲಲ್ಲಿ 'ಇಗೋ ನೋಡಿ' ಅಂತ ಬಂದಿದೆ. ಬರೆಯುವಾಗಲೂ ಅದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಜಾಸ್ತಿ ಜನ ನನ್ನನ್ನು ಮೈಕ್ ಸೆಟ್ಟಿನವನಾಗಿಯೇ ನೋಡಿದ್ದು. ಮದುವೆ, ಪೂಜೆ, ಯಕ್ಷಗಾನ ಆಟ, ತಾಳಮದ್ದಳೆ ಎಲ್ಲಿದ್ದರೂ ಬಾಕ್ಸ್ ಇಳಿಸಿ ವಯರ್ ಎಳೆಯುವವನು ನಾನೇ. ಹಾಗಾಗಿ ಇವತ್ತು ಮೈಕಿನ ಹಿಂದೆ ನಿಲ್ಲುವ ಬದಲು ಮುಂದೆ ನಿಂತದ್ದು ನನಗೇ ವಿಚಿತ್ರ ಅನಿಸುತ್ತಿದೆ. ಮಾತು ಮೈಕ್ ಸೆಟ್ಟಿನದ್ದಲ್ಲ, ಹ್ಯಾಮ್ ರೇಡಿಯೋದ್ದು. ಅದರ ಕಿವಿ, ಅಂದರೆ ಕೇಳುವ ಭಾಗ, ರಿಪೇರಿ ಮಾಡಿದ್ದು. ಆದರೆ ಮೈಕ್ ಸೆಟ್ಟಿನಲ್ಲಿ ಇಪ್ಪತ್ತು ವರ್ಷದಿಂದ ಗೊತ್ತಿದ್ದ ಒಂದು ವಿಷಯ ರೇಡಿಯೋ ಮುಂದೆ ಕೂತಾಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ಕಥೆಯನ್ನೂ ಹೇಳುತ್ತೇನೆ.

ಹ್ಯಾಮ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಕೇಳುವುದು, ಮಾತಾಡುವುದು. ಮಾತಾಡಬೇಕಾದರೆ ಕೇಂದ್ರ ಸರಕಾರದ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಬೇಕು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ಪಾಸಾದವರಿಗೆ ವಿಯು2 ಅಥವಾ ವಿಯು3 ಅಂತ ಶುರುವಾಗುವ ಕರೆ ಹೆಸರು ಸಿಗುತ್ತದೆ. ವ್ಯಾಪಾರ ಮಾಡುವಂತಿಲ್ಲ, ರಾಜಕೀಯ ಮಾತಾಡುವಂತಿಲ್ಲ. ಹಾಗಾದರೆ ಮತ್ತೆಂತ ಮಾತಾಡುವುದು ಅಂತ ನನ್ನ ಹೆಂಡತಿ ಕೇಳಿದ್ದಳು. 'ನಿನ್ನ ಸದ್ದು ಹೇಗೆ ಕೇಳ್ತದೆ, ನನ್ನದು ಹೇಗೆ ಕೇಳ್ತದೆ' ಅಂತ ಮಾತಾಡುವುದು ಎಂದೆ. ಅವಳು ನಕ್ಕಳು. ಆದರೆ ನಿಜ ಅದೇ.

ಇಗೋ ನೋಡಿ, ಇದು ನನ್ನ ಸೆಟ್. ಬಿಟ್‌ಎಕ್ಸ್ 40. ಹೈದರಾಬಾದಿನ ಅಶ್ಹರ್ ಫರ್ಹಾನ್ ಅನ್ನುವವರ ವಿನ್ಯಾಸ. ಅವರ ಕರೆ ಹೆಸರು ವಿಯು2ಇಎಸ್‌ಇ. ಇದಕ್ಕೂ ಮೊದಲು ಅವರು ಬಿಟ್‌ಎಕ್ಸ್ 20 ಅಂತ ಒಂದು ಸೆಟ್ ಮಾಡಿದ್ದರು. ನಮ್ಮಂಥವರು ಮನೆಯಲ್ಲೇ ಕಟ್ಟಿಕೊಳ್ಳಲಿ ಅಂತ ಮಾಡಿದ್ದು ಅದು. ಕಾಯಿಲ್ ಸುತ್ತಲು ವಿದೇಶದ ಟೊರಾಯ್ಡ್ ಬಳೆ ಸಿಗದಿದ್ದರೆ ಬೇಡ, ನಲ್ಲಿಗೆ ಹಾಕುವ ವಾಷರ್‌ಗೆ ಸುತ್ತಿ ಅಂದರು. ನಾನೂ ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಡಜನ್ ವಾಷರ್ ತಂದಿದ್ದೆ. 'ಎಷ್ಟು ನಲ್ಲಿ ಸೋರ್ತದೆ ನಿಮ್ಮನೆಯಲ್ಲಿ?' ಅಂತ ಅಂಗಡಿಯವರು ಕೇಳಿದರು. ಈ ಬಿಟ್‌ಎಕ್ಸ್ 40 ಬಂದದ್ದು 2016ರಲ್ಲಿ. ಇದರಲ್ಲಿ ಬೋರ್ಡ್ ಬೆಸುಗೆಯಾಗಿಯೇ ಬರುತ್ತಿತ್ತು. 12 ವೋಲ್ಟ್ ಬ್ಯಾಟರಿ ಸಾಕು. ಹೊರಗೆ ಕಳಿಸುವ ಶಕ್ತಿ ಏಳು ವ್ಯಾಟ್ ಹತ್ತಿರ, ನಿಮ್ಮ ಮನೆಯ ಎಲ್‌ಇಡಿ ಬಲ್ಬಿನಷ್ಟು. ಅಷ್ಟರಲ್ಲೇ ಬೆಂಗಳೂರು, ಚೆನ್ನೈ ಎಲ್ಲ ಆಗುತ್ತದೆ.

ಕೆಲಸ ಮಾಡುವುದು 7 ಮೆಗಾಹರ್ಟ್ಸ್‌ನಲ್ಲಿ. ಅದರ ಅಲೆ ಸುಮಾರು 40 ಮೀಟರ್ ಉದ್ದ, ಅದಕ್ಕೇ 40 ಅಂತ ಹೆಸರು. ಏರಿಯಲ್ ಅದರ ಅರ್ಧ. ಆಚೆ ಹತ್ತು ಮೀಟರ್, ಈಚೆ ಹತ್ತು ಮೀಟರ್ ತಂತಿ, ಮಧ್ಯದಿಂದ ಕೇಬಲ್. ಹೊರಗೆ ಕಾಣುತ್ತದಲ್ಲ, ಆ ತೆಂಗಿನಿಂದ ಹಲಸಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಅಡಕೆ ಕೊಯ್ಯುವ ಅಣ್ಣ ದೋಟಿಯಲ್ಲಿ ಹಗ್ಗ ಏರಿಸಿ ಕೊಟ್ಟ. ಪೇಟೆಯ ಹ್ಯಾಮ್‌ಗಳಿಗೆ ನಮ್ಮ ಮೇಲೆ ಹೊಟ್ಟೆಕಿಚ್ಚು ಇರುವುದು ಇದೊಂದರಲ್ಲಿ. ಅವರಿಗೆ ಫ್ಲಾಟಿನ ಬಾಲ್ಕನಿ, ನಮಗೆ ಕಂಬ ನೆಡುವ ಖರ್ಚೇ ಇಲ್ಲ.

ಈಗ ಒಂದು ಪರೀಕ್ಷೆ. ಸೆಟ್ ಆನ್ ಮಾಡುತ್ತೇನೆ. ಕೇಳಿ. ಶ್‌ಶ್‌ಶ್ ಅಂತ ಮಳೆ ಬಂದ ಹಾಗೆ ಸದ್ದು, ಅಲ್ವಾ? ಈಗ ಏರಿಯಲ್ ಕೇಬಲ್ ಕಳಚುತ್ತೇನೆ. ನೋಡಿ, ಮಳೆ ನಿಂತೇ ಹೋಯಿತು. ಮತ್ತೆ ಸಿಕ್ಕಿಸುತ್ತೇನೆ. ಮಳೆ ಶುರು.

ಇದರ ಅರ್ಥ ಏನು? ಆ ಸದ್ದು ಸೆಟ್ಟಿನದ್ದಲ್ಲ, ಹೊರಗಿನಿಂದ ಬರುತ್ತಿದೆ. ಭೂಮಿಯ ಮೇಲೆ ಎಲ್ಲೆಲ್ಲೋ ಹೊಡೆಯುವ ಸಿಡಿಲು, ನಮ್ಮ ಮನೆ ಪಕ್ಕದ ಮನೆಯ ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ಈ ಮಳೆ. ಅಷ್ಟು ಸಣ್ಣ ಸದ್ದೂ ಕೇಳಿಸುತ್ತದೆ ಅಂದರೆ ಸೆಟ್ಟಿನ ಕಿವಿ ಆಗಲೇ ಚುರುಕಾಗಿದೆ. ಹೊರಗಿನ ಮಳೆಗಿಂತ ಸಣ್ಣ ಸ್ವರವನ್ನು ಎಷ್ಟು ದೊಡ್ಡದು ಮಾಡಿದರೂ ಮಳೆಯೂ ಅದರ ಜೊತೆಗೇ ದೊಡ್ಡದಾಗುತ್ತದೆ. ಈ ಪರೀಕ್ಷೆಗೆ ಐದು ಪೈಸೆ ಖರ್ಚಿಲ್ಲ. ನಾನು ಇದನ್ನು ಮಾಡಿದ್ದು ಮೂರು ತಿಂಗಳು ಸೆಟ್ ಬಿಚ್ಚಿ ಬೆಸೆದು ಹಾಳು ಮಾಡಿದ ಮೇಲೆ.

ಏನು ಹಾಳು ಮಾಡಿದೆ ಹೇಳುತ್ತೇನೆ. ದೂರದವರ ಸ್ವರ ಸಣ್ಣಗೆ ಕೇಳುತ್ತಿತ್ತು. ಸರಿ, ಕಿವಿ ದೊಡ್ಡದು ಮಾಡೋಣ ಅಂತ ಏರಿಯಲ್‌ನಿಂದ ಬರುವ ದಾರಿಯಲ್ಲಿ ಒಂದು ಟ್ರಾನ್ಸಿಸ್ಟರ್ ಹಾಕಿ ಪ್ರಿಆಂಪ್ ಕಟ್ಟಿದೆ. ಮಧ್ಯಾಹ್ನ ಆನ್ ಮಾಡಿದರೆ ಆಹಾ, ಎಲ್ಲರೂ ಚಾವಡಿಯಲ್ಲೇ ಕೂತು ಮಾತಾಡಿದ ಹಾಗೆ! ಬೀಗಿದೆ. ಸಂಜೆ ಏಳು ಗಂಟೆಗೆ ಮತ್ತೆ ಕೂತೆ. ಹ್ಯಾಮ್‌ಗಳು ಒಬ್ಬರೂ ಇಲ್ಲ. ಎಲ್ಲಿ ತಿರುಗಿಸಿದರೂ ಚೀನಾ ಭಾಷೆ, ಸಂಗೀತ, ಒಂದರ ಮೇಲೊಂದು ಬಿದ್ದ ಗೊಂದಲ.

ಯಾಕೆ ಹೀಗೆ? ನಮ್ಮ ದೇಶದಲ್ಲಿ ಹ್ಯಾಮ್‌ಗಳ ಜಾಗ 7.0ಯಿಂದ 7.2 ಮೆಗಾಹರ್ಟ್ಸ್‌ವರೆಗೆ. ಮೊದಲು 7.1ರ ಮೇಲೆ ದೊಡ್ಡ ಪ್ರಸಾರ ಕೇಂದ್ರಗಳೂ ಇದ್ದವು. 2009ರ ಮಾರ್ಚ್‌ನಲ್ಲಿ ಅವು ಅಲ್ಲಿಂದ ಎದ್ದು ಹೋಗಬೇಕಾಯಿತು. ಹೋದದ್ದು ಎಲ್ಲಿಗೆ? ಪಕ್ಕದ ಮನೆಗೆ, 7.2ರ ಮೇಲಕ್ಕೆ. ಒಂದೊಂದೂ ನೂರಾರು ಕಿಲೋವ್ಯಾಟ್. ಹಗಲು ಅವು ನಮ್ಮವರೆಗೆ ಬರುವುದು ಕಮ್ಮಿ. ಹೊತ್ತು ಮುಳುಗಿದ ಮೇಲೆ ಸಾವಿರಾರು ಕಿಲೋಮೀಟರ್ ದಾಟಿ ಬಂದು ಬೀಳುತ್ತವೆ.

ಆಟದ ರಂಗಸ್ಥಳ ನೆನಪು ಮಾಡಿಕೊಳ್ಳಿ. ಭಾಗವತರ ಮೈಕಿನ ಗೇನ್, ಅಂದರೆ ಸದ್ದನ್ನು ಎಷ್ಟು ದೊಡ್ಡದು ಮಾಡುವುದು ಅನ್ನುವುದು, ಜಾಸ್ತಿ ಇಟ್ಟಿದ್ದೀರಿ. ಪಕ್ಕದಲ್ಲಿ ಚೆಂಡೆಯವರು ಒಂದು ಬಿಡ್ತಿಗೆ ಹೊಡೆದರು. ಆ ಸದ್ದೂ ಭಾಗವತರ ಮೈಕಿಗೇ ನುಗ್ಗುತ್ತದೆ, ಆಂಪ್ಲಿಫೈಯರ್ ತಡೆಯಲಾರದೆ ಸದ್ದು ಹರಿಯುತ್ತದೆ. ಆಗ ಚೆಂಡೆ ಒಂದೇ ಅಲ್ಲ, ಪದ್ಯವೂ ಹರಿಯುತ್ತದೆ. ರೇಡಿಯೋದಲ್ಲೂ ಅದೇ. ಎರಡು ಜೋರು ಕೇಂದ್ರಗಳು ಒಟ್ಟಿಗೆ ನುಗ್ಗಿದರೆ ಸೆಟ್ಟಿನ ಒಳಗೇ ಬೆರೆತು ಇಲ್ಲದ ಮೂರನೆಯದನ್ನು ಹುಟ್ಟಿಸುತ್ತವೆ. ಲೆಕ್ಕ ಸುಲಭ. ಒಂದು 7.30ರಲ್ಲಿ, ಇನ್ನೊಂದು 7.42ರಲ್ಲಿ ಇದೆ ಅಂತ ಇಟ್ಟುಕೊಳ್ಳಿ. 7.30ರ ಎರಡು ಪಟ್ಟು 14.60. ಅದರಿಂದ 7.42 ಕಳೆಯಿರಿ. 7.18. ನಮ್ಮ ಜಾಗದ ಮಧ್ಯದಲ್ಲೇ ಬಂದು ಕೂತಿತು! ಅಲ್ಲಿ ನಿಜವಾಗಿ ಯಾವ ಕೇಂದ್ರವೂ ಇಲ್ಲ. ಪ್ರೇತ.

ಮೈಕ್ ಕುಂಯ್ ಅಂದರೆ, ಸದ್ದು ಹರಿದರೆ ನಾನೇನು ಮಾಡುತ್ತೇನೆ? ಗೇನ್ ಇಳಿಸುತ್ತೇನೆ. ಕಣ್ಣು ಮುಚ್ಚಿಕೊಂಡು ಕೈ ಅಲ್ಲಿಗೇ ಹೋಗುತ್ತದೆ. ರೇಡಿಯೋ ಮುಂದೆ ಮಾತ್ರ ಅದು ಹೊಳೆಯಲಿಲ್ಲ. ಬೆಂಗಳೂರಿನ ಹಿರಿಯ ಹ್ಯಾಮ್ ಒಬ್ಬರು ಗಾಳಿಯಲ್ಲೇ ಬೈದರು. 'ಪ್ರಿಆಂಪ್ ಕಿತ್ತು ಬಿಸಾಡಿ, ಅದರ ಜಾಗದಲ್ಲಿ ಅಟೆನ್ಯುಯೇಟರ್ ಹಾಕಿ' ಅಂದರು. ಅಂದರೆ ಬರುವ ಸದ್ದನ್ನು ಬೇಕೆಂದೇ ಕಮ್ಮಿ ಮಾಡುವುದು.

ಮೂರು ರೆಸಿಸ್ಟರ್ ಸಾಕು. ದಾರಿಯಲ್ಲಿ 68 ಓಮ್‌ನದ್ದು ಒಂದು, ಅದರ ಎರಡು ತುದಿಯಿಂದಲೂ ಗ್ರೌಂಡಿಗೆ 100 ಓಮ್‌ನದ್ದು ಒಂದೊಂದು. ಹೆಚ್ಚುಕಮ್ಮಿ 10 ಡಿಬಿ ಇಳಿಯುತ್ತದೆ. ಅಂದರೆ ಬರುವ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ. ಸೊಗಸು ಇರುವುದು ಮುಂದೆ. ನಿಜವಾದ ಸ್ವರ ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಒಳಗೇ ಹುಟ್ಟುವ ಆ ಪ್ರೇತ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸ್ವರ ಸಣ್ಣದಾದದ್ದಕ್ಕೆ ವಾಲ್ಯೂಮ್ ಸ್ವಲ್ಪ ತಿರುಗಿಸಿದರೆ ಆಯಿತು. ಪ್ರೇತ ವಾಪಸ್ ಬರುವುದಿಲ್ಲ.

ಇದನ್ನು ಕೇಳಿ ಉತ್ಸಾಹದಲ್ಲಿ ಮನೆಗೆ ಹೋಗಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೂರು ರೆಸಿಸ್ಟರನ್ನು ಚೆಂದಕ್ಕೆ ಏರಿಯಲ್ ಸಾಕೆಟ್ಟಿಗೇ ಬೆಸೆದೆ. ಕೇಳುವುದು ಭಾರೀ ಲಾಯ್ಕ. ಖುಷಿಯಲ್ಲಿ ಮೈಕಿನ ಬಟನ್ ಒತ್ತಿ ಹಲೋ ಅಂದೆ. ಸೆಟ್ಟಿನ ಹಿಂದಿನಿಂದ ಹೊಗೆ. ಕೇಳುವ ದಾರಿ, ಕಳಿಸುವ ದಾರಿ ಎರಡೂ ಆ ಸಾಕೆಟ್ಟಿನಲ್ಲೇ ಸೇರುತ್ತವೆ ಅನ್ನುವುದನ್ನು ಮರೆತಿದ್ದೆ. ಏಳು ವ್ಯಾಟ್ ಹೋಗಿ ಕಾಲು ವ್ಯಾಟಿನ ರೆಸಿಸ್ಟರ್ ಮೇಲೆ ಕೂತರೆ ಏನಾಗಬೇಕು? ಇಗೋ, ಸಾಕೆಟ್ಟಿನ ಹತ್ತಿರ ಕಪ್ಪು ಕಲೆ ಈಗಲೂ ಇದೆ. ಹಾಕಬೇಕಾದದ್ದು ಒಳಗೆ. ಈ ಎರಡು ದಾರಿಯನ್ನು ಬೇರೆ ಮಾಡುವ ರಿಲೇ ಅನ್ನುವ ಸ್ವಿಚ್ ದಾಟಿದ ಮೇಲೆ, ಕೇಳುವ ಕಡೆಗೆ ಮಾತ್ರ ಹೋಗುವ ತಂತಿಯಲ್ಲಿ. ಒಂದು ಸಣ್ಣ ಸ್ವಿಚ್ ಕೊಟ್ಟರೆ ಹಗಲು ಬೇಡ ಅಂದಾಗ ತಪ್ಪಿಸಬಹುದು. ಅಂಗಡಿಯ ದೊಡ್ಡ ಸೆಟ್ಟುಗಳಲ್ಲಿ ಇದಕ್ಕೆ ಬಟನ್ನೇ ಇರುತ್ತದೆ. ಒತ್ತುವವರು ಕಮ್ಮಿ.

ಇನ್ನು ಕೊನೆಯ ತುದಿ, ಸ್ಪೀಕರ್ ಕಡೆ. ಅಲ್ಲಿರುವುದು ಎಲ್‌ಎಂ 386 ಅನ್ನುವ, ಸದ್ದು ದೊಡ್ಡದು ಮಾಡುವ ಎಂಟು ಕಾಲಿನ ಐಸಿ. ಹಳೆ ಟೇಪ್ ರೆಕಾರ್ಡರ್ ಬಿಚ್ಚಿದವರಿಗೆಲ್ಲ ಪರಿಚಯ. ಇದರ 1ನೇ ಮತ್ತು 8ನೇ ಕಾಲಿನ ಮಧ್ಯ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸದ್ದು 200 ಪಟ್ಟು. ತೆಗೆದರೆ 20 ಪಟ್ಟು. 200ರಲ್ಲಿ ಐಸಿಯದ್ದೇ ಬುಸ್ ಸದ್ದು ಕಿವಿಗೆ ಬಡಿಯುತ್ತದೆ. ನಾನು ಕೆಪಾಸಿಟರ್ ಜೊತೆ 1.2 ಕಿಲೋ ಓಮ್ ಸೇರಿಸಿ 50 ಪಟ್ಟಿಗೆ ನಿಲ್ಲಿಸಿದೆ. ಅದರ ಹಿಂದೆ 1 ಕಿಲೋ ಓಮ್, ಗ್ರೌಂಡಿಗೆ 0.047 ಮೈಕ್ರೋಫ್ಯಾರಡ್. 3.4 ಕಿಲೋಹರ್ಟ್ಸ್‌ನಿಂದ ಮೇಲಿನ ಸದ್ದು ಇಳಿಯುತ್ತ ಹೋಗುತ್ತದೆ. ನಾವು ಕೇಳುವ ಮಾತು 3 ಕಿಲೋಹರ್ಟ್ಸ್‌ಗಿಂತ ಕೆಳಗೇ ಮುಗಿಯುವುದರಿಂದ ಮಾತಿಗೆ ನಷ್ಟ ಇಲ್ಲ. ಐದಾರು ರೂಪಾಯಿಯ ಸಾಮಾನು. ಒಂದು ಗಂಟೆ ಕೂತರೂ ತಲೆನೋವು ಬರುವುದಿಲ್ಲ, ಅದು ಲಾಭ.

ಈ ಸೆಟ್ಟಿಗೆ ಇನ್ನೊಂದು ಕೊರತೆ. ಸ್ವಂತ ಬುದ್ಧಿಯಿಂದ ಸದ್ದು ಇಳಿಸಿಕೊಳ್ಳುವುದು ಇದಕ್ಕೆ ಬರುವುದಿಲ್ಲ. ಎಜಿಸಿ ಇಲ್ಲ. ಚೆನ್ನೈಯವರ ಸಣ್ಣ ಸ್ವರಕ್ಕೆ ವಾಲ್ಯೂಮ್ ಏರಿಸಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿರುತ್ತೇನೆ. ಅಷ್ಟರಲ್ಲಿ ಹತ್ತು ಮೈಲಿ ದೂರದ ಗೆಳೆಯ 'ನಮಸ್ಕಾರ' ಅನ್ನುತ್ತಾನೆ. ಹೆಡ್‌ಫೋನ್ ಕಿತ್ತು ಎಸೆಯಬೇಕು, ಹಾಗೆ. ಇದಕ್ಕೆ ಒಂದು ಎಲ್‌ಇಡಿ, ಒಂದು ಎಲ್‌ಡಿಆರ್ ಮುಖಾಮುಖಿ ಇಟ್ಟೆ. ಎಲ್‌ಡಿಆರ್ ಅಂದರೆ ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಕಮ್ಮಿಯಾಗುವ ಸಾಮಾನು, ಬೀದಿ ದೀಪ ತಾನಾಗಿ ಉರಿಯಲು ಹಾಕುತ್ತಾರಲ್ಲ, ಅದೇ. ಸ್ಪೀಕರಿಗೆ ಹೋಗುವ ಸದ್ದಿನಿಂದಲೇ ಎಲ್‌ಇಡಿ ಉರಿಯುತ್ತದೆ. ಸದ್ದು ಜೋರಾದರೆ ಬೆಳಕು ಜಾಸ್ತಿ. ಆಗ ವಾಲ್ಯೂಮಿನ ಹತ್ತಿರ ಕೂತ ಎಲ್‌ಡಿಆರ್ ಸದ್ದನ್ನು ಗ್ರೌಂಡಿಗೆ ಎಳೆದು ಹಾಕುತ್ತದೆ. ಎಲ್‌ಡಿಆರ್ ಸ್ವಲ್ಪ ಸೋಮಾರಿ. ಬೆಳಕು ಹೋದ ಮೇಲೂ ನಿಧಾನಕ್ಕೆ ಎಚ್ಚರಾಗುತ್ತದೆ. ಆ ಸೋಮಾರಿತನವೇ ನಮಗೆ ಬೇಕಾದದ್ದು, ಇಲ್ಲದಿದ್ದರೆ ಒಂದೊಂದು ಶಬ್ದಕ್ಕೂ ಸದ್ದು ಏರಿ ಇಳಿಯುತ್ತಿತ್ತು.

ಮೊದಲ ವಾರ ಒಂದು ತಮಾಷೆ ಆಯಿತು. ದಿನಾ ಮಧ್ಯಾಹ್ನ ಮೂರೂವರೆಗೆ ಸೆಟ್ ಮೆತ್ತಗಾಗುತ್ತಿತ್ತು. ನಾಲ್ಕೂವರೆಗೆ ಸರಿ. ಏನೋ ಆಕಾಶದ ಆಟ ಅಂತ ಡೈರಿಯಲ್ಲಿ ಬರೆದಿಟ್ಟೆ. ಕೊನೆಗೆ ಮಗಳು ಹೇಳಿದಳು, 'ಅಪ್ಪಾ, ಕಿಟಕಿ ಬಿಸಿಲು ನೇರ ಅದರ ಮೇಲೇ ಬೀಳ್ತದೆ.' ಎಲ್‌ಡಿಆರ್‌ಗೆ ಕಪ್ಪು ಟೇಪ್ ಸುತ್ತುವುದನ್ನೇ ಮರೆತಿದ್ದೆ.

ಇಲ್ಲಿಯವರೆಗೆ ಸೆಟ್ಟಿನ ಒಳಗಿನದ್ದಾಯಿತು. ನನ್ನ ಕೇಳಿದರೆ, ಒಳಗೆ ಮಾಡಿದ ಎಲ್ಲ ರಿಪೇರಿಗಿಂತ ದೊಡ್ಡ ಲಾಭ ಆದದ್ದು ಸೆಟ್ಟಿನಿಂದ ನೂರೈವತ್ತು ಮೀಟರ್ ದೂರದಲ್ಲಿ, ಒಂದು ಕತ್ತಿಯಿಂದ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸೆಟ್ಟಿನಲ್ಲಿ ಹೊಸ ಸದ್ದು. ಟಕ್. ಸ್ವಲ್ಪ ಬಿಟ್ಟು ಟಕ್. ಗಡಿಯಾರದ ಹಾಗೆ, ಸೆಕೆಂಡಿಗೆ ಒಂದು. ಈ ಸೆಟ್ಟಿಗೆ ಸ್ಟೇಷನ್ ತಿರುಗಿಸಲು ಒಂದು ಸಣ್ಣ ಕಂಪ್ಯೂಟರ್ ಬೋರ್ಡ್ ಇದೆ, ಆರ್ಡುಯಿನೋ ನ್ಯಾನೋ. ಅದರ ಗಡಿಯಾರದ ಸದ್ದೇ ಇರಬೇಕು ಅಂತ ತೀರ್ಮಾನ ಮಾಡಿದೆ. ಎರಡು ಭಾನುವಾರ ಅದರ ಹಿಂದೆ ಬಿದ್ದೆ. ಅಲ್ಲಿ ಕೆಪಾಸಿಟರ್, ಇಲ್ಲಿ ಕಾಯಿಲ್, ಬೋರ್ಡಿಗೆ ತಗಡಿನ ಮುಚ್ಚಳ. ಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು, ಈಗಲೂ ಒಳಗಿದೆ. ಟಕ್ ಹೋಗಲಿಲ್ಲ.

ಮೂರನೇ ವಾರ ಏರಿಯಲ್ ಕಳಚಿ ನೋಡಿದೆ. ಟಕ್ ಇಲ್ಲ. ಹಾಗಾದರೆ ಸೆಟ್ಟಿನದ್ದಲ್ಲ. ಅದೇ ರಾತ್ರಿ ಕರೆಂಟು ಹೋಯಿತು. ನಿಮಗೆ ಗೊತ್ತಾ, ಕರೆಂಟು ಹೋದರೆ ಖುಷಿಪಡುವವರು ಹ್ಯಾಮ್‌ಗಳು ಮಾತ್ರ. ಊರಿನ ಚಾರ್ಜರ್, ಟಿವಿ ಡಬ್ಬ, ಎಲ್‌ಇಡಿ ಬಲ್ಬ್ ಎಲ್ಲದರ ಗಲಾಟೆ ಒಟ್ಟಿಗೆ ನಿಂತು ರೇಡಿಯೋ ಅಷ್ಟು ಚೊಕ್ಕ ಆಗುತ್ತದೆ. ಬ್ಯಾಟರಿಯಲ್ಲಿ ಸೆಟ್ ಹಾಕಿ ಕೂತೆ. ಆ ಮೌನದಲ್ಲಿ ಟಕ್ ಇನ್ನೂ ಸ್ಪಷ್ಟ. ಹಾಗಾದರೆ ಕರೆಂಟಿನದ್ದೂ ಅಲ್ಲ.

ಅಜ್ಜನ ಕಾಲದ ಸಣ್ಣ ಟ್ರಾನ್ಸಿಸ್ಟರ್ ಒಂದಿತ್ತು, ಮಂಗಳೂರು ಆಕಾಶವಾಣಿ ಕೇಳುತ್ತಿದ್ದದ್ದು. ಮೀಡಿಯಂ ವೇವ್‌ನಲ್ಲಿ ಖಾಲಿ ಜಾಗಕ್ಕೆ ಮುಳ್ಳು ತಂದು, ಟಾರ್ಚ್ ಹಿಡಿದು ತೋಟಕ್ಕೆ ಇಳಿದೆ. ಕೆಳಗಿನ ಕಣಿಗೆ ಹೋದಷ್ಟು ಟಕ್ ಜೋರಾಯಿತು. ಪಕ್ಕದ ತೋಟದ ಗಡಿಯಲ್ಲಿ ಕಾಡುಹಂದಿಗೆ ಅಂತ ಹಾಕಿದ ಸೋಲಾರ್ ಬೇಲಿ. ಅದು ಸೆಕೆಂಡಿಗೊಮ್ಮೆ ಶಾಕ್ ಕೊಡುತ್ತದೆ. ಬೇಲಿ ಸರಿ ಇದ್ದರೆ ಇಷ್ಟು ಸದ್ದಿಲ್ಲ. ಮಳೆಗೆ ಹಬ್ಬಿದ ಒಂದು ಕಾಡು ಬಳ್ಳಿ ತಂತಿಗೆ ತಾಗಿತ್ತು. ಟಾರ್ಚ್ ಆರಿಸಿ ನೋಡಿದರೆ ಆ ಜಾಗದಲ್ಲಿ ಸಾಸಿವೆಯಷ್ಟು ನೀಲಿ ಕಿಡಿ. ಕಿಡಿ ಹಾರಿದಾಗ ಕೈಯಲ್ಲಿದ್ದ ರೇಡಿಯೋ ಟಕ್. ಅಷ್ಟು ಸಣ್ಣ ಕಿಡಿಗೆ ಆ ಬೇಲಿ ತಂತಿಯೇ ನೂರಾರು ಮೀಟರ್ ಉದ್ದದ ಏರಿಯಲ್!

ಅಲ್ಲೇ ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಇನ್ನೊಂದು ಟಾರ್ಚ್ ಬಿತ್ತು.

'ಎಂತ ಮಾರಾಯ, ರಾತ್ರಿ ಹನ್ನೊಂದಕ್ಕೆ ರೇಡಿಯೋ ಹಿಡ್ಕೊಂಡು ನನ್ನ ಬೇಲಿ ಬುಡದಲ್ಲಿ?'

'ಅಣ್ಣಾ, ನಿಮ್ಮ ಬೇಲಿ ನನ್ನ ರೇಡಿಯೋದಲ್ಲಿ ಮಾತಾಡ್ತಾ ಉಂಟು.'

ಕುಡಿದಿದ್ದಾನೆ ಅಂತಲೇ ಅವರು ತಿಳಿದದ್ದು. ಕಿಡಿ ತೋರಿಸಿದೆ. ನೋಡಿದರು. 'ಓ, ಹಾಗೆ! ಬೇಲಿಯ ಕರೆಂಟು ಇಲ್ಲೇ ಸೋರಿದ್ದು. ಅದಕ್ಕೇ ಹಂದಿ ಮತ್ತೆ ಬಂದದ್ದು' ಅಂದರು. ಬೇಲಿಯ ಪೆಟ್ಟಿಗೆ ಆಫ್ ಮಾಡಿ ಬಂದು ಕತ್ತಿಯಿಂದ ಬಳ್ಳಿ ಕಡಿದರು. ಅವರ ಬಾಳೆ ಉಳಿಯಿತು, ನನ್ನ ಟಕ್ ಹೋಯಿತು. ಈಗ ಅವರೇ ಆಗಾಗ ಕೇಳುತ್ತಾರೆ, 'ನನ್ನ ಬೇಲಿ ಹೇಗುಂಟು?' ಅಂತ.

ಉಳಿದ ಚಿಲ್ಲರೆ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಅಗ್ಗದ ಅಡಾಪ್ಟರ್ ಬಿಟ್ಟು ಬ್ಯಾಟರಿಯಿಂದ ಸೆಟ್ ನಡೆಸಿದರೆ ಅರ್ಧ ಗಲಾಟೆ ಹೋಗುತ್ತದೆ. ಏರಿಯಲ್ ಕೇಬಲನ್ನು ಸೆಟ್ಟಿನ ಹತ್ತಿರ ದೊಡ್ಡ ಫೆರೈಟ್ ಬಳೆಗೆ ಹತ್ತು ಸುತ್ತು ಹಾಕಿ. ಕೇಬಲಿನ ಹೊರ ಮೈ ಹಿಡಿದು ಮನೆಯ ಗಲಾಟೆ ಒಳಗೆ ಬರುವುದು ಕಮ್ಮಿಯಾಗುತ್ತದೆ. ಅರ್ತ್ ಬಗ್ಗೆ ಪುಸ್ತಕದಲ್ಲಿ ಬರೆದದ್ದನ್ನು ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಮಾಡುವುದು ಕಷ್ಟ. ಸರಳು ಒಂದು ಅಡಿ ಇಳಿದು ಅಲ್ಲೇ ನಿಲ್ಲುತ್ತದೆ. ನಾನು ತೆಂಗಿನ ಬುಡದ ಒದ್ದೆ ಮಣ್ಣು ಹುಡುಕಿಕೊಂಡೆ. ಬೇಕಾದ ಸ್ವರವನ್ನು ಮಾತ್ರ ಒಳಗೆ ಬಿಡುವ ಕ್ರಿಸ್ಟಲ್ ಫಿಲ್ಟರ್ ಬದಲಾಯಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಇಪ್ಪತ್ತು ಕ್ರಿಸ್ಟಲ್ ತಂದು ಒಂದೊಂದನ್ನೂ ಅಳೆದು, ಹತ್ತಿರ ಹತ್ತಿರ ಇರುವ ನಾಲ್ಕನ್ನು ಆರಿಸಬೇಕು. ತಾಳ್ಮೆ ಇದ್ದವರು ಮಾಡಿ. ವಾಷರಿನ ಸೆಟ್ಟಿಗೆ ನಾನು ಮಾಡಿದ್ದೇನೆ, ಇದಕ್ಕೆ ಕೈ ಹಾಕಿಲ್ಲ.

ಪ್ರಶ್ನೆ ಇದ್ದರೆ ಕೇಳಿ.

(ಹಿಂದಿನ ಬೆಂಚಿನಿಂದ ಒಬ್ಬ ಹುಡುಗ: 'ಮಾವಾ, ಈಗಿನ ಫೈಬರ್ ದೋಟಿಯನ್ನೇ ನಿಲ್ಲಿಸಿ ಏರಿಯಲ್ ಕಟ್ಟಬಹುದಲ್ಲ? ಅರವತ್ತು ಅಡಿ ಹೋಗ್ತದೆ.')

ಒಳ್ಳೆ ಪ್ರಶ್ನೆ. ಬೇಡ ಮಗಾ. ಅದು ಕಾರ್ಬನ್ ಫೈಬರ್. ಹಗುರ, ಗಟ್ಟಿ, ಎಲ್ಲ ಸರಿ. ಆದರೆ ಕಾರ್ಬನ್ ಕರೆಂಟು ಹಾಯಿಸುತ್ತದೆ. ಏರಿಯಲ್ ತಂತಿ ಅದರ ಮೈಗೆ ತಾಗಿದರೆ ಅಳತೆಯೆಲ್ಲ ತಪ್ಪುತ್ತದೆ. ಅದಕ್ಕಿಂತ ದೊಡ್ಡದು, ಮೇಲೆ ವಿದ್ಯುತ್ ಲೈನಿಗೆ ತಾಗಿದರೆ ಹಿಡಿದವರ ಜೀವಕ್ಕೇ ಅಪಾಯ. ಅಡಕೆ ಕೊಯ್ಯುವಾಗಲೂ ಲೈನ್ ನೋಡಿಕೊಂಡೇ ಎತ್ತಿ. ಬಿದಿರು ಇದೆಯಲ್ಲ, ಅದು ಸಾಕು.

(ಮುಂದಿನ ಸಾಲಿನ ಒಬ್ಬರು ಅಕ್ಕ: 'ಮರಕ್ಕೆ ತಂತಿ ಕಟ್ಟಿದರೆ ಮನೆಗೆ ಸಿಡಿಲು ಬರುದಿಲ್ವಾ?')

ಅಕ್ಕಾ, ನೀವು ಕೇಳಿದ್ದು ಸರಿಯಾದ ಹೊತ್ತಿಗೆ. ಸ್ವಲ್ಪ ಸುಮ್ನೆ ಇರಿ, ಸೆಟ್ ಕೇಳಿ. ನಾನು ಶುರು ಮಾಡುವಾಗ ಮಳೆಯ ಹಾಗೆ ಶ್‌ಶ್ ಅಂತ ಇತ್ತು, ಅಲ್ವಾ? ಈಗ ಅದರ ಮಧ್ಯ ಕರ್‌ರ್... ಕಡಕ್... ಕೇಳಿತಾ? ಹೊರಗೆ ಬಿಸಿಲು ಇದೆ, ಗುಡುಗು ನಿಮ್ಮ ಕಿವಿಗೆ ಇನ್ನೂ ಬಿದ್ದಿಲ್ಲ. ಘಟ್ಟದ ಕಡೆ, ಮೂಡಿನಲ್ಲಿ ಶುರುವಾಗಿದೆ. ಈ ಸದ್ದು ಹತ್ತಿರ ಹತ್ತಿರ ಬಂದ ಹಾಗೆ ನಾನು ಮಾಡುವುದು ಒಂದೇ. ಕೇಬಲ್ ಕಳಚಿ ಕಿಟಕಿಯಿಂದ ಹೊರಗೆ ಅಂಗಳಕ್ಕೆ ಬಿಸಾಡುವುದು. ತಂತಿ ಅಲ್ಲಿ, ನಾನು ಇಲ್ಲಿ.

ಇಗೋ, ಮತ್ತೊಮ್ಮೆ. ಇದು ಹತ್ತಿರದ್ದು. ಕಳಚುತ್ತೇನೆ. ಅಂಗಳದಲ್ಲಿ ಅಡಕೆ ಹರಡಿ ಬಂದವರು ಯಾರಾದರೂ ಇದ್ದರೆ ಈಗಲೇ ಹೊರಡಿ.